"ಬೇಕೆಂದೇ ಮಾಡುತ್ತಾನೆ": ಪರೀಕ್ಷಾ ಕೊಠಡಿಯಿಂದ ಹೊರಗೆ ಕಳುಹಿಸಲಾದ ಹುಡುಗನ ಪ್ರಕರಣ

ಈ ಪ್ರಕರಣ ನನ್ನ ಮೇಜಿಗೆ ಬಂದದ್ದು ಒಂದು ದೂರಿನ ರೂಪದಲ್ಲಿ. ಐದನೇ ತರಗತಿಯ ಹುಡುಗ, ವಯಸ್ಸು ಹತ್ತು. ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿನಲ್ಲಿ ಗಂಟಲಿನಿಂದ ಪದೇಪದೇ ಸದ್ದು ಹೊರಡಿಸಿದ. ಎರಡು ಸಲ ಎಚ್ಚರಿಕೆ ಕೊಟ್ಟರೂ ಕೇಳಲಿಲ್ಲ. ಮೂರನೆಯ ಸಲ, ಕೊಠಡಿಯ ಮೇಲ್ವಿಚಾರಕಿ ಮಾತನಾಡುತ್ತಿರುವಾಗಲೇ, ಅವರನ್ನು ಅಣಕಿಸುವಂತೆ ಜೋರಾಗಿ ಕೂಗಿದ. ಉತ್ತರಪತ್ರಿಕೆ ತೆಗೆದುಕೊಂಡು ಅವನನ್ನು ಹೊರಗೆ ಕಳುಹಿಸಲಾಯಿತು. ದೂರಿನ ಕೊನೆಯಲ್ಲಿ ಎರಡು ಪದಗಳಿಗೆ ಅಡಿಗೆರೆ ಎಳೆದಿತ್ತು: "ಬೇಕೆಂದೇ ಮಾಡುತ್ತಾನೆ."

ನಾನು ಆ ಶಾಲೆಯ ಆಪ್ತಸಮಾಲೋಚಕಿ. ಹುಡುಗ ಮತ್ತು ಅವನ ತಂದೆತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಾಯಿಸಿ ಇದನ್ನು ಬರೆಯುತ್ತಿದ್ದೇನೆ. ಅಡಿಗೆರೆ ಎಳೆದ ಆ ಎರಡು ಪದಗಳೇ ಈ ಪ್ರಕರಣದ ತಿರುಳು. ಹುಡುಗನ ಕಾಯಿಲೆಗಿಂತ ಹೆಚ್ಚಾಗಿ ಅವನನ್ನು ನೋಯಿಸಿದ್ದು ಆ ಪದಗಳು.

ಮೊದಲ ಭೇಟಿ

ಮರುದಿನ ಅವನು ಬಂದು ಎದುರಿಗೆ ಕುಳಿತಾಗ ಹತ್ತು ನಿಮಿಷ ಏನೂ ಆಗಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು, ತುಟಿ ಬಿಗಿದುಕೊಂಡು, ಕೇಳಿದ್ದಕ್ಕೆ ಒಂದೊಂದೇ ಪದದಲ್ಲಿ ಉತ್ತರ ಕೊಟ್ಟ. ಏನೋ ನೆಪ ಹೇಳಿ ನಾನು ಎದ್ದು ಕಪಾಟಿನ ಕಡೆ ತಿರುಗಿದೆ. ಬೆನ್ನ ಹಿಂದೆ ಗಂಟಲು ಕೆರೆದ ಸದ್ದು ನಾಲ್ಕು ಸಲ, ಅದರ ಹಿಂದೆಯೇ ಮರಿಹಕ್ಕಿ ಚೀರಿದಂಥ ಒಂದು ಚಿಕ್ಕ ಕೀರಲು ದನಿ. ತಿರುಗಿ ನೋಡಿದಾಗ ಕತ್ತು ಎಡಕ್ಕೆ ಥಟ್ಟನೆ ಹೊರಳಿ ಮರಳುತ್ತಿತ್ತು. ಅವನು ನನ್ನ ಮುಖವನ್ನೇ ದಿಟ್ಟಿಸುತ್ತಿದ್ದ. ಬೈಗುಳ ಬರುತ್ತದೆ ಎಂದು ಕಾಯುವ ಮಗುವಿನ ನೋಟ ಅದು.

"ಬರುವ ಮುಂಚೆ ಗೊತ್ತಾಗುತ್ತದೆಯೇ?" ಎಂದು ಕೇಳಿದೆ.

ಅವನು ಬಹಳ ಹೊತ್ತು ಯೋಚಿಸಿದ. "ಸೀನು ಬರುವ ಮುಂಚೆ ಮೂಗಿನಲ್ಲಿ ಆಗುತ್ತದಲ್ಲ, ಅದು ಗಂಟಲಿನಲ್ಲಿ ಆಗುತ್ತದೆ. ಸದ್ದು ಮಾಡಿದರೆ ಹೋಗುತ್ತದೆ. ಆಮೇಲೆ ಮತ್ತೆ ಬರುತ್ತದೆ" ಎಂದ. ಇದನ್ನು ಈವರೆಗೆ ಯಾರಿಗಾದರೂ ಹೇಳಿದ್ದೀಯಾ ಎಂದು ಕೇಳಿದೆ. "ಯಾರೂ ಕೇಳಲಿಲ್ಲ."

ಟಿಕ್ ಎಂದರೆ ಥಟ್ಟನೆ, ತಾಳವಿಲ್ಲದೆ, ಮತ್ತೆಮತ್ತೆ ಬರುವ ಚಲನೆ ಅಥವಾ ಸದ್ದು. ಹುಡುಗ ಹೇಳಿದ ಆ ಒಳತುಡಿತವನ್ನು ವೈದ್ಯರು ಟಿಕ್‌ನ ಮುನ್ಸೂಚನೆ ಎಂದು ಗುರುತಿಸುತ್ತಾರೆ. ಚಿಕ್ಕ ಮಕ್ಕಳಿಗೆ ಅದು ಹೆಚ್ಚಾಗಿ ಅರಿವಿಗೆ ಬರುವುದಿಲ್ಲ. ಸುಮಾರು ಹತ್ತು ವರ್ಷದ ಹೊತ್ತಿಗೆ ಬಾಯಲ್ಲಿ ಹೇಳುವಷ್ಟು ಸ್ಪಷ್ಟವಾಗುತ್ತದೆ. ಟಿಕ್ ಅನ್ನು ಸ್ವಲ್ಪ ಹೊತ್ತು ತಡೆಹಿಡಿಯಲು ಹಲವರಿಗೆ ಸಾಧ್ಯ. ಜನ ತಪ್ಪು ತಿಳಿಯುವುದು ಇಲ್ಲಿಯೇ. ಹತ್ತು ನಿಮಿಷ ಸುಮ್ಮನಿರಬಲ್ಲವನು ಒಂದು ಗಂಟೆ ಏಕೆ ಇರಬಾರದು ಎಂದು ಕೇಳುತ್ತಾರೆ. ರೆಪ್ಪೆ ಬಡಿಯುವುದನ್ನು ನಾವೂ ಒಂದಿಷ್ಟು ಹೊತ್ತು ತಡೆಯಬಲ್ಲೆವು. ಹಾಗೆಂದು ರೆಪ್ಪೆ ಬಡಿಯುವುದು ನಮ್ಮ ಚೇಷ್ಟೆಯಾಗುವುದಿಲ್ಲ.

ನಾಲ್ಕು ವರ್ಷಗಳ ಹಿನ್ನೆಲೆ

ತಾಯಿ ಒಂದು ದಪ್ಪ ಕಡತ ತಂದರು. ಆರನೇ ವಯಸ್ಸಿನಲ್ಲಿ ಕಣ್ಣು ಬಿಗಿಯಾಗಿ ಮಿಟುಕಿಸುವುದು ಶುರುವಾಗಿತ್ತು. ಕಣ್ಣಿನ ವೈದ್ಯರು ಪರೀಕ್ಷಿಸಿ, ದೃಷ್ಟಿ ಸರಿಯಿದೆ ಎಂದು ಹೇಳಿ ಹನಿ ಔಷಧ ಕೊಟ್ಟಿದ್ದರು. ಎರಡು ತಿಂಗಳಲ್ಲಿ ಮಿಟುಕು ನಿಂತಿತು, ಔಷಧ ಕೆಲಸ ಮಾಡಿತು ಎಂದುಕೊಂಡರು. ಆಮೇಲೆ ಮೂಗು ಸೊಟ್ಟ ಮಾಡುವುದು ಬಂತು, ಹೋಯಿತು. ಎಂಟನೇ ವಯಸ್ಸಿನಲ್ಲಿ ಗಂಟಲು ಕೆರೆಯುವುದು. ಅಲರ್ಜಿ ಎಂದು ಮಾತ್ರೆ, ಕೆಮ್ಮು ಎಂದು ಸಿರಪ್, ಕೊನೆಗೆ ಗಂಟಲಿನ ತಜ್ಞರಿಂದ ಎಲ್ಲವೂ ಸರಿಯಿದೆ ಎಂಬ ವರದಿ. ಕತ್ತಿನ ಹೊರಳು ಮತ್ತು ಕೀರಲು ದನಿ ಇತ್ತೀಚಿನವು.

ಕಡತದ ಒಂದೊಂದು ಕಾಗದವೂ ತನ್ನ ಮಟ್ಟಿಗೆ ಸರಿಯಾಗಿಯೇ ಇತ್ತು. ಕಣ್ಣಿಗೆ ಒಬ್ಬರು, ಮೂಗಿಗೆ ಒಬ್ಬರು, ಗಂಟಲಿಗೆ ಇನ್ನೊಬ್ಬರು. ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಿ ನೋಡಿದವರು ಮಾತ್ರ ಇರಲಿಲ್ಲ. ಟಿಕ್ ಏರುತ್ತದೆ, ಇಳಿಯುತ್ತದೆ, ಒಂದು ಹೋಗಿ ಇನ್ನೊಂದು ಬರುತ್ತದೆ. ಆ ಹೊತ್ತಿಗೆ ಯಾವ ಔಷಧ ನಡೆಯುತ್ತಿರುತ್ತದೆಯೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಇದು ಈ ಮನೆಯ ಕಥೆ ಮಾತ್ರವಲ್ಲ; ಟಿಕ್ ಇರುವ ಎಷ್ಟೋ ಮಕ್ಕಳ ಮನೆಗಳಲ್ಲಿ ಇಂಥ ಕಡತವಿರುತ್ತದೆ.

ತಂದೆ ಮೊದಲ ದಿನ ಕಡಿಮೆ ಮಾತನಾಡಿದರು. ಮನೆಯಲ್ಲಿ ಅವರು ಒಂದು ಪಟ್ಟಿ ಗೋಡೆಗೆ ಹಚ್ಚಿದ್ದರು. ಸದ್ದಿಲ್ಲದೆ ಕಳೆದ ಪ್ರತಿ ಸಂಜೆಗೆ ಒಂದು ನಕ್ಷತ್ರ, ಹತ್ತು ನಕ್ಷತ್ರಕ್ಕೆ ಒಂದು ಬಹುಮಾನ. ಮೂರು ತಿಂಗಳಲ್ಲಿ ಬಿದ್ದದ್ದು ಎರಡು ನಕ್ಷತ್ರ. "ಪ್ರೀತಿಯಿಂದಲೇ ಮಾಡಿದ್ದು, ಮೇಡಂ" ಎಂದರು. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಟಿಕ್‌ಗೆ ಗಮನವೇ ಗಾಳಿ. ಇವತ್ತು ಬರಬಾರದು ಎಂದು ಇಡೀ ಮನೆ ಕಿವಿಗೊಟ್ಟು ಕುಳಿತರೆ ಅದು ಇನ್ನಷ್ಟು ಬರುತ್ತದೆ. ಆತಂಕ, ಉದ್ವೇಗ, ಆಯಾಸ ಇವು ಹೆಚ್ಚಿಸುತ್ತವೆ; ಮೈಮರೆತು ಮಾಡುವ ಕೆಲಸ ಹಲವರಲ್ಲಿ ಕಡಿಮೆ ಮಾಡುತ್ತದೆ. ಈ ಹುಡುಗ ಚೆಂಡಾಟದ ಮೈದಾನದಲ್ಲಿ ಗಂಟೆಗಟ್ಟಲೆ ಸದ್ದಿಲ್ಲದೆ ಇರುತ್ತಿದ್ದ. ಅದನ್ನು ನೋಡಿದವರು "ನೋಡಿ, ಆಟದಲ್ಲಿ ಮಾಡುವುದಿಲ್ಲ, ಪಾಠದಲ್ಲಿ ಮಾತ್ರ" ಎಂದು ದೂರಿಗೆ ಇನ್ನೊಂದು ಸಾಲು ಸೇರಿಸಿದ್ದರು. ಪಿನ್ ಬಿದ್ದರೂ ಕೇಳಿಸುವ ಪರೀಕ್ಷಾ ಕೊಠಡಿಯಲ್ಲಿ, ಎರಡು ಎಚ್ಚರಿಕೆಗಳ ನಂತರ, ಮೂರನೆಯ ಸದ್ದು ಜೋರಾದದ್ದು ಏಕೆಂದು ಈಗ ಅರ್ಥವಾಗುತ್ತದೆ.

ರೋಗನಿರ್ಣಯ, ಮತ್ತು ತಂದೆಯ ಹೆಗಲು

ಮೂರು ವಾರಗಳ ನಂತರ ಮಕ್ಕಳ ಮನೋವೈದ್ಯರ ಭೇಟಿಯಾಯಿತು. ಅಲ್ಲಿಯೂ ಹುಡುಗ ಇಪ್ಪತ್ತು ನಿಮಿಷ ಕಲ್ಲಿನಂತೆ ಕುಳಿತ. ತಾಯಿ ಮನೆಯಲ್ಲಿ ಮೊಬೈಲಿನಲ್ಲಿ ತೆಗೆದಿದ್ದ ಮೂರು ಚಿಕ್ಕ ವಿಡಿಯೊಗಳು ಆಗ ನೆರವಿಗೆ ಬಂದವು. ಟಿಕ್ ಅನ್ನು ಗುರುತಿಸಲು ರಕ್ತಪರೀಕ್ಷೆಯಿಲ್ಲ, ಸ್ಕ್ಯಾನ್ ಇಲ್ಲ. ಬೇರೆ ಕಾಯಿಲೆಯ ಅನುಮಾನವಿದ್ದರೆ ಮಾತ್ರ ಅವು ಬೇಕಾಗುತ್ತವೆ. ನಿರ್ಣಯ ನಿಂತಿರುವುದು ಕಣ್ಣಿಗೆ ಕಂಡದ್ದರ ಮೇಲೆ ಮತ್ತು ಕೇಳಿ ತಿಳಿದ ಚರಿತ್ರೆಯ ಮೇಲೆ. ಒಂದಕ್ಕಿಂತ ಹೆಚ್ಚು ಚಲನೆಯ ಟಿಕ್, ಕನಿಷ್ಠ ಒಂದು ಸದ್ದಿನ ಟಿಕ್, 18 ವರ್ಷಕ್ಕೆ ಮುಂಚೆ ಆರಂಭ, ಮೊದಲ ಟಿಕ್‌ನಿಂದ ಲೆಕ್ಕ ಹಾಕಿದರೆ ಒಂದು ವರ್ಷಕ್ಕೂ ಮೇಲ್ಪಟ್ಟ ಕಾಲ. ಇಷ್ಟಿದ್ದರೆ ಅದು ಟುರೆಟ್ ಸಿಂಡ್ರೋಮ್. ಚಲನೆ ಮಾತ್ರವೋ ಸದ್ದು ಮಾತ್ರವೋ ಇದ್ದು ವರ್ಷ ದಾಟಿದರೆ ದೀರ್ಘಕಾಲದ ಟಿಕ್ ಎನ್ನುತ್ತಾರೆ. ವರ್ಷದೊಳಗೆ ನಿಂತುಹೋಗುವ ಟಿಕ್‌ಗಳು ಶಾಲಾಮಕ್ಕಳಲ್ಲಿ ಬಹಳ ಸಾಮಾನ್ಯ, ಅವುಗಳಿಗೆ ಗಾಬರಿಪಡಬೇಕಾಗಿಲ್ಲ.

ವೈದ್ಯರು ಕುಟುಂಬದ ಚರಿತ್ರೆ ಕೇಳಿದರು. ಮನೆಯಲ್ಲಿ ಇನ್ನಾರಿಗಾದರೂ ಹೀಗೆ ಇತ್ತೇ? ತಾಯಿ ಇಲ್ಲವೆಂದರು. ತಂದೆ ಸುಮ್ಮನಿದ್ದವರು, ಕೊನೆಗೆ ಬಲಗೈಯಿಂದ ತಮ್ಮ ಎಡ ಹೆಗಲನ್ನು ಮುಟ್ಟಿಕೊಂಡು, "ನನಗೆ ಇದು ಎಗರುತ್ತಿತ್ತು. ಹದಿನೈದು ಹದಿನಾರರವರೆಗೆ. ಆಮೇಲೆ ನಾನು ಗಟ್ಟಿ ಮನಸ್ಸು ಮಾಡಿ ನಿಲ್ಲಿಸಿದೆ" ಎಂದರು.

ಆ ಮಾತನ್ನು ತಾಯಿ ನನಗೆ ಹೇಳಿದಾಗ ಗೋಡೆಯ ಮೇಲಿನ ನಕ್ಷತ್ರದ ಪಟ್ಟಿ ನನಗೆ ಬೇರೆಯಾಗಿಯೇ ಕಂಡಿತು. ಆ ಮನುಷ್ಯ ಮಗನನ್ನು ಶಿಕ್ಷಿಸುತ್ತಿರಲಿಲ್ಲ. ತಾನು ದಾಟಿದ ಹೊಳೆಯನ್ನು ಮಗನೂ ದಾಟಲಿ ಎಂದು ದಡದಲ್ಲಿ ನಿಂತು ಕೂಗುತ್ತಿದ್ದರು. ವೈದ್ಯರು ಅವರಿಗೆ ನಿಧಾನವಾಗಿ ವಿವರಿಸಿದ್ದು ಇದು. ಟಿಕ್ ಸಾಮಾನ್ಯವಾಗಿ ಐದರಿಂದ ಏಳು ವರ್ಷದ ನಡುವೆ ಕಾಣಿಸಿಕೊಳ್ಳುತ್ತದೆ, ಹತ್ತರಿಂದ ಹನ್ನೆರಡರ ಹೊತ್ತಿಗೆ ಅತಿ ಜೋರಾಗುತ್ತದೆ, ಹರೆಯ ಮುಗಿಯುವ ಹೊತ್ತಿಗೆ ಹೆಚ್ಚಿನವರಲ್ಲಿ ತಾನಾಗಿಯೇ ತಗ್ಗುತ್ತದೆ. ಕೆಲವರಲ್ಲಿ ಉಳಿಯುತ್ತದೆ. ಇದರಲ್ಲಿ ವಂಶವಾಹಿಯ ಪಾತ್ರ ದೊಡ್ಡದು. ಚಲನೆಯನ್ನು ಆಯ್ದು ಬಿಡುವ, ಬೇಡದ್ದನ್ನು ತಡೆಯುವ ಮೆದುಳಿನ ಆಳದ ಜಾಲಗಳಲ್ಲಿ ತಡೆ ಸಡಿಲವಾಗಿರುತ್ತದೆ. ಡೋಪಮೈನ್ ಎಂಬ ರಾಸಾಯನಿಕಕ್ಕೂ ಅದರಲ್ಲಿ ಪಾಲಿದೆ. ಅಂದರೆ ತಂದೆಯ ಹೆಗಲು ನಿಂತದ್ದಕ್ಕೆ ಅವರ ಛಲಕ್ಕಿಂತ ಅವರ ವಯಸ್ಸು ಕಾರಣವಾಗಿದ್ದಿರಬೇಕು. ಬಾಲ್ಯದಲ್ಲಿ ಅವರನ್ನೂ ಯಾರೋ "ಬೇಕೆಂದೇ ಮಾಡುತ್ತಾನೆ" ಎಂದು ಬೈದಿದ್ದರು. ಬೇಕೆಂದೇ ಮಾಡುವುದಾದರೆ ಬೇಡವೆಂದು ಬಿಡಲೂಬಹುದು ಎಂದು ಅವರು ನಂಬಿದರು. ಮಗನಿಗೆ ಬಂದದ್ದು ಟಿಕ್ ಮಾತ್ರವಲ್ಲ, ಆ ನಂಬಿಕೆಯೂ ಬಂದಿತ್ತು. ಅಂದು ಸಂಜೆಯೇ ಪಟ್ಟಿ ಗೋಡೆಯಿಂದ ಇಳಿಯಿತು.

ಅದೇ ಭೇಟಿಯಲ್ಲಿ ಇನ್ನೊಂದು ಸಂಗತಿ ಹೊರಬಂತು. ವೈದ್ಯರು ಅವನ ನೋಟ್‌ಬುಕ್ ತರಿಸಿ ನೋಡಿದರು. ಒಂದು ಪುಟದಲ್ಲಿ 'ಕ್ಷ' ಅಕ್ಷರವಿರಬೇಕಾದ ಜಾಗದಲ್ಲಿ ಕಾಗದ ಸವೆದು ತೂತಾಗಿತ್ತು. ಅಳಿಸಿ ಬರೆದು, ಅಳಿಸಿ ಬರೆದು, ಸರಿಯಾಯಿತು ಎಂದು ಒಳಗೆ ಅನಿಸುವವರೆಗೆ ಬರೆದು ಆದ ತೂತು. ನಿಧಾನಗಾರ, ಗಲೀಜು ಬರವಣಿಗೆ ಎಂದು ಶಿಕ್ಷಕರ ಷರಾ ಪಕ್ಕದಲ್ಲೇ ಇತ್ತು. ಟುರೆಟ್ ಇರುವವರಲ್ಲಿ ಬಹುಪಾಲು ಜನರಿಗೆ ಜೊತೆಗೆ ಇನ್ನೊಂದಾದರೂ ತೊಂದರೆ ಇರುತ್ತದೆ: ಗಮನ ನಿಲ್ಲದಿರುವ ಎಡಿಎಚ್‌ಡಿ, ಗೀಳು ಎನ್ನುವ ಒಸಿಡಿ, ಆತಂಕ. ಟಿಕ್ ಎಲ್ಲರಿಗೂ ಕಾಣಿಸುತ್ತದೆ, ಕೇಳಿಸುತ್ತದೆ, ಇವು ಕಾಣಿಸುವುದಿಲ್ಲ. ಯಾವುದು ಹೆಚ್ಚು ಕಷ್ಟ ಎಂದು ಹುಡುಗನನ್ನೇ ಕೇಳಿದಾಗ ಅವನು ಆ ತೂತಿನ ಮೇಲೆ ಬೆರಳಿಟ್ಟ.

ನಾನು ಮಾಡಿದ ತಪ್ಪು

ನಿರ್ಣಯ ಕೈಗೆ ಬಂದ ಹುಮ್ಮಸ್ಸಿನಲ್ಲಿ ನಾನು ಶಾಲೆಯ ಸಭೆಯಲ್ಲಿ ಟುರೆಟ್ ಕುರಿತು ಜಾಗೃತಿ ಕಾರ್ಯಕ್ರಮ ಏರ್ಪಡಿಸಿದೆ. ಇಪ್ಪತ್ತು ನಿಮಿಷದ ಮಾತು, ಒಂದು ವಿಡಿಯೊ ತುಣುಕು. ಹುಡುಗನ ಹೆಸರು ಹೇಳಲಿಲ್ಲ, ಆದ್ದರಿಂದ ಅವನನ್ನು ಕೇಳಬೇಕಾಗಿಲ್ಲ ಎಂದುಕೊಂಡೆ. ತುಣುಕಿನಲ್ಲಿದ್ದ ವ್ಯಕ್ತಿ ತನಗರಿವಿಲ್ಲದೆ ಕೆಟ್ಟ ಬೈಗುಳಗಳನ್ನು ಕೂಗುತ್ತಿದ್ದ. ಮಕ್ಕಳು ನಕ್ಕರು. ನಕ್ಕರೂ ವಿಷಯ ತಲುಪಿತು ಎಂದು ನಾನು ಸಮಾಧಾನಪಟ್ಟುಕೊಂಡೆ.

ಮರುದಿನದಿಂದ ಅವನಿಗೆ ಅಡ್ಡಹೆಸರು ಬಿತ್ತು. "ಒಂದು ಬೈಗುಳ ಹೇಳೋ, ನಿನಗೆ ಯಾರೂ ಹೊಡೆಯುವುದಿಲ್ಲ" ಎಂದು ಮಕ್ಕಳು ಸುತ್ತುಗಟ್ಟಿದರು. ಅವನು ಮೂರು ದಿನ ಶಾಲೆಗೆ ಬರಲಿಲ್ಲ.

ಈ ತಪ್ಪನ್ನು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಇದು ನನ್ನೊಬ್ಬಳದ್ದಲ್ಲ. ಬೈಗುಳದ ಟಿಕ್ ಇರುವುದು ಟುರೆಟ್ ಇರುವವರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಜನರಿಗೆ ಮಾತ್ರ. ಆದರೂ ಟುರೆಟ್ ಎಂದರೆ ಬೈಗುಳ ಎಂಬ ಚಿತ್ರ ಜನರ ತಲೆಯಲ್ಲಿ ಕೂತಿದೆ, ಅದು ಇಂದಿನದೂ ಅಲ್ಲ. 1825ರಲ್ಲಿ ಫ್ರಾನ್ಸಿನ ವೈದ್ಯ ಇಟಾರ್ ಬರೆದಿಟ್ಟದ್ದು ಸಭ್ಯ ಮನೆತನದ ಮಹಿಳೆಯೊಬ್ಬಳ ಬಾಯಿಂದ ಅಶ್ಲೀಲ ಪದಗಳು ಸಿಡಿಯುತ್ತಿದ್ದ ಪ್ರಕರಣವನ್ನು. ಅರವತ್ತು ವರ್ಷಗಳ ನಂತರ, 1885ರಲ್ಲಿ, ಜಾರ್ಜ್ ಜಿಲ್ ದ ಲಾ ಟುರೆಟ್ ಒಂಬತ್ತು ರೋಗಿಗಳ ವಿವರ ಪ್ರಕಟಿಸಿದಾಗ ಅವರಲ್ಲಿ ಆಕೆಯನ್ನೂ ಸೇರಿಸಿಕೊಂಡರು. ಕಣ್ಣಿಗೆ ಹೊಡೆಯುವ ಪ್ರಕರಣವೇ ಇಡೀ ಕಾಯಿಲೆಯ ಮುಖವಾಯಿತು. ಕಣ್ಣು ಮಿಟುಕಿಸುವ, ಗಂಟಲು ಕೆರೆಯುವ ಸಾವಿರಾರು ಮಕ್ಕಳು ಆ ಮುಖದ ಹಿಂದೆ ಮರೆಯಾದರು. ಇಂಥ ಮಕ್ಕಳು ಅಪರೂಪವೂ ಅಲ್ಲ. ಶಾಲೆಗೆ ಹೋಗುವ ವಯಸ್ಸಿನ ಸಾವಿರ ಮಕ್ಕಳಲ್ಲಿ ಮೂರರಿಂದ ಎಂಟು ಮಂದಿಗೆ ಟುರೆಟ್ ಇರುತ್ತದೆ ಎಂಬುದು ಸಾಮಾನ್ಯ ಅಂದಾಜು, ಹುಡುಗಿಯರಿಗಿಂತ ಹುಡುಗರಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚು. ಆ ತುಣುಕನ್ನು ಆರಿಸಿದಾಗ ನಾನೂ ಆ ಹಳೆಯ ಮುಖವನ್ನೇ ಮಕ್ಕಳ ಮುಂದೆ ಹಿಡಿದಿದ್ದೆ.

ನಾನು ಮನೆಗೆ ಹೋಗಿ ಹುಡುಗನ ಬಳಿ ಕ್ಷಮೆ ಕೇಳಿದೆ. ಮುಂದೆ ಏನು ಹೇಳಬೇಕು, ಯಾರಿಗೆ ಹೇಳಬೇಕು, ಹೇಳಲೇಬೇಕೆ ಎಂಬುದನ್ನು ಅವನೇ ನಿರ್ಧರಿಸಲಿ ಎಂದೆ. ಎರಡು ದಿನ ಬಿಟ್ಟು ಉತ್ತರ ಬಂತು: ಮೊದಲು ಶಿಕ್ಷಕರಿಗೆ, ಆಮೇಲೆ ತನ್ನ ತರಗತಿಗೆ ಮಾತ್ರ. ತರಗತಿಯಲ್ಲಿ ತಾನೂ ಇರುತ್ತೇನೆ. ವಿಡಿಯೊ ಬೇಡ.

ಶಿಕ್ಷಕರ ಕೊಠಡಿಯಲ್ಲಿ ಒಂದು ಪ್ಯಾರಾ

ಶಿಕ್ಷಕರಿಗೆ ನಾನು ಭಾಷಣ ಮಾಡಲಿಲ್ಲ. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು ಉಕ್ತಲೇಖನ ಶುರು ಮಾಡಿದೆ. ಒಂದೇ ಷರತ್ತು: ಬರೆಯುವಾಗ ರೆಪ್ಪೆ ಬಡಿಯಬಾರದು. ಬಡಿದವರನ್ನು ಪಕ್ಕದವರು ಗಟ್ಟಿಯಾಗಿ ಹೆಸರು ಹಿಡಿದು ಕೂಗಬೇಕು.

ಮೊದಲ ವಾಕ್ಯಕ್ಕೆ ನಗು ಇತ್ತು. ಮೂರನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಕಣ್ಣುಗಳು ಕೆಂಪಾಗಿ ನೀರಾಡುತ್ತಿದ್ದವು, ಹೆಸರುಗಳು ಒಂದರ ಮೇಲೊಂದು ಕೇಳಿಬರುತ್ತಿದ್ದವು, ನಗು ನಿಂತಿತ್ತು. ದೂರು ಬರೆದಿದ್ದ ಶಿಕ್ಷಕಿ ಐದನೆಯ ವಾಕ್ಯದಲ್ಲಿ ಪೆನ್ನು ಕೆಳಗಿಟ್ಟರು. ಏನು ಬರೆದಿದ್ದೀರಿ ಓದಿ ಎಂದೆ. ಅವರ ಹಾಳೆಯಲ್ಲಿ ಎರಡೂವರೆ ಸಾಲು ಇತ್ತು. "ನೀವು ಹೇಳಿದ್ದು ಕಿವಿಗೇ ಬೀಳಲಿಲ್ಲ. ಕಣ್ಣನ್ನು ತಡೆಯುವುದರಲ್ಲೇ ಇದ್ದೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, ಯಾರನ್ನೂ ನೋಡದೆ, "ಅವನು ಇಡೀ ಪರೀಕ್ಷೆ ಹೀಗೇ ಬರೆದನೇ?" ಎಂದು ಕೇಳಿದರು.

ಅವರು ಕಠಿಣ ಮನಸ್ಸಿನವರಲ್ಲ. ನಲವತ್ತು ಮಕ್ಕಳ ಕೊಠಡಿಯಲ್ಲಿ ಶಿಸ್ತು ಕಾಯುವ ಹೊಣೆ ಅವರ ಮೇಲಿತ್ತು, ಟಿಕ್ ಎಂದರೇನೆಂದು ಅವರಿಗೆ ಯಾವ ತರಬೇತಿಯಲ್ಲಿಯೂ ಯಾರೂ ಹೇಳಿರಲಿಲ್ಲ. ಆ ಮಧ್ಯಾಹ್ನದ ನಂತರ ವ್ಯವಸ್ಥೆಗಳ ಮಾತು ಸಲೀಸಾಯಿತು. ಹುಡುಗನ ಆಸನವನ್ನು ಮುಂದಿನ ಸಾಲಿನಿಂದ ಹಿಂದಿನ ಬದಿಗೆ ಬದಲಾಯಿಸಿದರು, ಬೆನ್ನ ಮೇಲೆ ಮೂವತ್ತು ಜೊತೆ ಕಣ್ಣು ಬೀಳದಿರಲಿ ಎಂದು. ತಡೆಯಲಾಗದಷ್ಟು ಬಂದಾಗ ಅನುಮತಿ ಕೇಳದೆ ಹೊರಗೆ ಹೋಗಿ ಬರಬಹುದು. ಪರೀಕ್ಷೆಗೆ ಬೇರೆ ಕೊಠಡಿ ಮತ್ತು ಹೆಚ್ಚಿನ ಸಮಯ, ಅವನು ಬೇಕೆಂದರೆ ಮಾತ್ರ. ಎಲ್ಲಕ್ಕಿಂತ ಮುಖ್ಯವಾದದ್ದು, ಸದ್ದು ಬಂದಾಗ ಪಾಠ ನಿಲ್ಲಬಾರದು. ತಿರುಗಿ ನೋಡಬಾರದು, ಸಮಾಧಾನವನ್ನೂ ಹೇಳಬಾರದು, "ಪರವಾಗಿಲ್ಲ" ಎಂದೂ ಹೇಳಬಾರದು. ಕೊನೆಯದು ಕರುಣಾಳುಗಳಿಗೆ ಬಹಳ ಕಷ್ಟವಾಯಿತು.

ತರಗತಿಯಲ್ಲಿ

ಹುಡುಗ ನಾಲ್ಕು ವಾಕ್ಯ ಬರೆದುಕೊಂಡು ಬಂದಿದ್ದ. ಎದ್ದು ನಿಂತು ಓದಿದ: "ನನಗೆ ಟುರೆಟ್ ಇದೆ. ಸದ್ದು ಮತ್ತು ಕತ್ತು ತಾವಾಗಿಯೇ ಬರುತ್ತವೆ. ನೀವು ನಿಲ್ಲಿಸು ಎಂದರೆ ಜಾಸ್ತಿಯಾಗುತ್ತದೆ. ನನ್ನನ್ನು ಚೆಂಡಾಟಕ್ಕೆ ಕರೆಯಿರಿ." ನಡುವೆ ಕೀರಲು ದನಿ ಎರಡು ಸಲ ಬಂತು. ಓದು ನಿಲ್ಲಿಸಲಿಲ್ಲ.

ಪ್ರಶ್ನೆಗಳು ಸುರಿದವು. ಅಂಟುತ್ತದೆಯೇ? ಇಲ್ಲ. ನೋಯುತ್ತದೆಯೇ? ಕತ್ತು ಸಂಜೆಗೆ ನೋಯುತ್ತದೆ. ನಿದ್ದೆಯಲ್ಲಿ ಬರುತ್ತದೆಯೇ? ಬಹಳ ಕಡಿಮೆ. ಬೈಗುಳ? ನನಗೆ ಬರುವುದಿಲ್ಲ, ಕೆಲವರಿಗೆ ಬರುತ್ತದೆ, ಅವರೂ ಬೇಕೆಂದು ಬೈಯುವುದಿಲ್ಲ. ದೊಡ್ಡವನಾದ ಮೇಲೆ ಕೆಲಸ ಸಿಗುತ್ತದೆಯೇ ಎಂದು ಒಬ್ಬಳು ಕೇಳಿದಳು. ಅದಕ್ಕೆ ಉತ್ತರ ಅವನೇ ಹುಡುಕಿಟ್ಟುಕೊಂಡಿದ್ದ: ಅಮೆರಿಕದ ಗೋಲ್‌ಕೀಪರ್ ಟಿಮ್ ಹೋವರ್ಡ್. ಟುರೆಟ್ ಇರುವ ಆ ಆಟಗಾರ 2014ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಬೆಲ್ಜಿಯಂ ವಿರುದ್ಧ ಗೋಲಿನತ್ತ ಬಂದ ಚೆಂಡುಗಳನ್ನು ಒಂದರ ಮೇಲೊಂದರಂತೆ ತಡೆದಿದ್ದರು. ಚೆಂಡಿನ ಮಾತು ಬಂದದ್ದೇ ತಡ, ಕೊಠಡಿಯ ಚರ್ಚೆ ಟುರೆಟ್ ಬಿಟ್ಟು ಆಟದ ಕಡೆ ಹೊರಳಿತು. ನಾನು ತಡೆಯಲಿಲ್ಲ.

ಚಿಕಿತ್ಸೆ ಇದರ ಜೊತೆಜೊತೆಗೇ ನಡೆಯಿತು. ಟಿಕ್‌ಗೆ ಮೊದಲು ಸೂಚಿಸುವುದು ವರ್ತನಾ ಚಿಕಿತ್ಸೆಯನ್ನು. ಒಳತುಡಿತವನ್ನು ಗುರುತಿಸುವುದು, ಅದು ಬಂದಾಗ ಟಿಕ್‌ಗೆ ಎಡೆಕೊಡದ ಇನ್ನೊಂದು ಕ್ರಿಯೆ ಮಾಡುವುದು ಅದರ ಮರ್ಮ. ಗಂಟಲಿನ ಸದ್ದಿಗೆ ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರಾಟ. ಕತ್ತಿಗೆ, ಗದ್ದವನ್ನು ತುಸು ಕೆಳಗಿಳಿಸಿ ಸ್ನಾಯುಗಳನ್ನು ಮೆಲ್ಲನೆ ಬಿಗಿಹಿಡಿಯುವುದು. 2010ರಲ್ಲಿ ಪ್ರಕಟವಾದ 126 ಮಕ್ಕಳ ಅಧ್ಯಯನದಲ್ಲಿ ಹತ್ತು ವಾರಗಳ ಈ ಚಿಕಿತ್ಸೆ ಪಡೆದವರಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳು ಸುಧಾರಿಸಿದ್ದರು; ಬರಿಯ ಬೆಂಬಲದ ಮಾತುಕತೆ ಪಡೆದವರಲ್ಲಿ ಐದರಲ್ಲೊಬ್ಬರಿಗಿಂತ ಕಡಿಮೆ. ಔಷಧಗಳೂ ಇವೆ, ಟಿಕ್ ನೋವು ಕೊಡುವಷ್ಟು ಅಥವಾ ಬದುಕಿಗೆ ಅಡ್ಡಬರುವಷ್ಟು ಇದ್ದಾಗ ಅವು ಬೇಕಾಗುತ್ತವೆ. ಈ ಹುಡುಗನಿಗೆ ಬೇಕಾಗಲಿಲ್ಲ. ಅಕ್ಷರ ಅಳಿಸುವ ಗೀಳಿಗೆ ಪ್ರತ್ಯೇಕ ಚಿಕಿತ್ಸೆ ಇನ್ನೂ ನಡೆಯುತ್ತಿದೆ. ಶಿಕ್ಷಕಿ ಅವನಿಗೆ ಪೆನ್ಸಿಲ್ ಬದಲು ಪೆನ್ನು ಕೊಟ್ಟು, ತಪ್ಪಾದರೆ ಒಂದು ಗೆರೆ ಎಳೆದು ಮುಂದೆ ಹೋಗು ಎಂದರು. ಮೊದಲು ಅತ್ತ. ಈಗ ಗೆರೆ ಎಳೆಯುತ್ತಾನೆ.

ವರ್ಷದ ಕೊನೆಗೆ

ಕತ್ತಿನ ಹೊರಳು ಬಹುಮಟ್ಟಿಗೆ ಕಡಿಮೆಯಾಗಿದೆ. ಕೀರಲು ದನಿ ಅಷ್ಟಾಗಿ ಇಳಿದಿಲ್ಲ. ವಾರ್ಷಿಕ ಪರೀಕ್ಷೆಯ ವಾರದಲ್ಲಿ ಎಲ್ಲವೂ ಏರಿದವು, ಜೊತೆಗೆ ಹೊಟ್ಟೆ ಬಿಗಿಯುವ ಹೊಸ ಟಿಕ್ ಒಂದು ಬಂತು. ಟಿಕ್‌ಗಳ ಎಣಿಕೆಯನ್ನಷ್ಟೇ ನೋಡಿದರೆ ಇದನ್ನು ಅರ್ಧ ಯಶಸ್ಸು ಎನ್ನಬೇಕಾದೀತು. ಆದರೆ ಅವನು ಬೇರೆ ಕೊಠಡಿ ಬೇಡವೆಂದು ಎಲ್ಲರೊಡನೆ ಕುಳಿತು ಪರೀಕ್ಷೆ ಬರೆದ. ಅಂದು ಮೇಲ್ವಿಚಾರಣೆಗೆ ಇದ್ದವರು ದೂರು ಬರೆದಿದ್ದ ಅದೇ ಶಿಕ್ಷಕಿ. ಸದ್ದು ಬಂದಾಗಲೆಲ್ಲ ಅವರು ಕಿಟಕಿಯ ಕಡೆ ನಡೆದು ಹೋಗುತ್ತಿದ್ದರಂತೆ. ಮಕ್ಕಳು ತಲೆ ಎತ್ತದೆ ಬರೆಯುತ್ತಿದ್ದರಂತೆ. ಆರೂ ಉತ್ತರಪತ್ರಿಕೆಗಳನ್ನು ಅವನು ಕೊನೆಯವರೆಗೆ ಬರೆದು ಮುಗಿಸಿದ. ಮೇಲ್ವಿಚಾರಕರಿಗೆ ಕೊಡುವ ಸೂಚನೆಗಳಲ್ಲಿ ಈಗ ಹೊಸದೊಂದು ಸಾಲು ಸೇರಿದೆ: ವಿದ್ಯಾರ್ಥಿಯ ಸದ್ದು ಅಥವಾ ಚಲನೆ ಮರುಕಳಿಸುತ್ತಿದ್ದರೆ ಎಚ್ಚರಿಕೆ ಕೊಡುವ ಮೊದಲು ಆಪ್ತಸಮಾಲೋಚಕರನ್ನು ವಿಚಾರಿಸುವುದು.

ಆರನೇ ತರಗತಿಗೆ ವಿಭಾಗಗಳು ಬದಲಾಗುತ್ತವೆ, ಅರ್ಧದಷ್ಟು ಮಕ್ಕಳು ಹೊಸಬರು. ಅವರಿಗೂ ಒಂದು ದಿನ ಮಾತನಾಡೋಣವೇ ಎಂದು ಕೊನೆಯ ಭೇಟಿಯಲ್ಲಿ ಕೇಳಿದೆ. ಅವನು ಕಿಟಕಿಯಾಚೆ ಮೈದಾನ ನೋಡುತ್ತಿದ್ದ.

"ಬೇಡ, ಮೇಡಂ. ಯಾರಾದರೂ ಕೇಳಿದರೆ ನಾನೇ ಹೇಳುತ್ತೇನೆ."

ಅದನ್ನು ಹಾಗೆಯೇ ಕಡತದಲ್ಲಿ ಬರೆದುಕೊಂಡೆ.